ಮೂರು ಸೇಬು, ಒಂದು ಬೋಗುಣಿ ಉಸುಕು

ಬೆಳಿಗ್ಗೆ ಹಾಲು ತೆಗೆಯೋಣ ಅಂತ ಫ್ರಿಜ್ ಬಾಗಿಲು ಎಳೆದರೆ ಒಂದು ಸೇಬು ಧಡ್ ಅಂತ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಬಗ್ಗಿ ಎತ್ತುವಷ್ಟರಲ್ಲಿ ಇನ್ನೆರಡು ಉರುಳಿದವು. ಸಿಟ್ಟು ಬಂದು ಎಲ್ಲವನ್ನೂ ಹೊರಗೆ ಸುರಿದು ಎಣಿಸಿದೆ. 41.

ಮಾವನವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು 12 ದಿನ ಆಯಿತು. ಬಳ್ಳಾರಿಯಲ್ಲಿ ಯಾರಾದರೂ ಮಂಚ ಹಿಡಿದರೆ ಸಾಕು, ಸುದ್ದಿ ಮೋತಿ ಸರ್ಕಲ್ ದಾಟುವುದರೊಳಗೆ ಸೇಬು ಮನೆ ಮುಟ್ಟಿರುತ್ತದೆ. ಬಂದವರು ಕಿಲೋ ಸೇಬಿನ ಚೀಲ ಮಂಚದ ತುದಿಗೆ ಇಡುತ್ತಾರೆ. ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿ ತಲೆಯಾಡಿಸುತ್ತಾರೆ. ತಮ್ಮ ಬೀಗರ ಮೊಣಕಾಲಿನ ಕತೆ ಹೇಳಿ, ಎರಡು ಸಲ ಚಹಾ ಕುಡಿದು, "ದಿನಾ ಒಂದು ಆ್ಯಪಲ್ ಕೊಡ್ರಿ, ರಕ್ತ ಬರ್ತೈತಿ" ಅಂತ ಎದ್ದು ಹೋಗುತ್ತಾರೆ. ಮಾವನವರಿಗೆ ಹೋಗಿರುವುದು ರಕ್ತ ಅಲ್ಲ, ಎಲುಬು. ಅದೂ ಹೋಗಲಿ, ಅವರದು ಪೂರಾ ಕಟ್ಟಿಸಿದ ಹಲ್ಲು. ಸೇಬು ಕಚ್ಚಿದರೆ ಹಲ್ಲಿನ ಸೆಟ್ ಸೇಬಿನಲ್ಲೇ ಉಳಿಯುತ್ತದೆ. ಇದು ಬಂದವರಿಗೆಲ್ಲ ಗೊತ್ತು. ಒಂದು ಪಪ್ಪಾಯಿ ತರಬಾರದಾ? ತರುವುದಿಲ್ಲ. ಪಪ್ಪಾಯಿ ಹಿತ್ತಲಲ್ಲಿ ಬೆಳೆಯುವ ಹಣ್ಣು, ಅದನ್ನು ಹಿಡಿದುಕೊಂಡು ರೋಗಿ ನೋಡಲು ಹೋದರೆ ಮರ್ಯಾದೆ ಏನಾಗಬೇಕು!

ಪೂಜೆಗೆ ತಂದ ಏಲಕ್ಕಿ ಬಾಳೆಯನ್ನು ಅದೇ ಬುಟ್ಟಿಯಲ್ಲಿಟ್ಟಿದ್ದೆ. ಸೇಬು ಬಿಡುವ ಎಥಿಲೀನ್ ಗಾಳಿಗೆ ಎರಡೇ ದಿನದಲ್ಲಿ ಕಪ್ಪಾಗಿ ಕೂತವು. ಹಣ್ಣು ಸುಮ್ನೆ ಜಾಗ ಹಿಡಿಯುವುದು ಸಾಲದು ಅಂತ ಪಕ್ಕದವರನ್ನೂ ಕೆಡಿಸಿತು. ಅತ್ತೆ ಉಪ್ಪಿನಕಾಯಿ ಹಾಕೋಣ ಅಂದರು. ನಾನು ಕೇಕ್ ಅಂದೆ. ಇಲ್ಲಿಂದ ತೊಂದರೆ ಶುರು.

ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ಗ್ಯಾಸ್ಕೆಟ್, ಸೀಟಿ ತೆಗೆದು, ತಳಕ್ಕೆ ಉಪ್ಪೋ ಉಸುಕೋ ಹಾಕಿ ಕಾಯಿಸಿದರೆ ಅದೇ ಓವನ್. ಒಂದು ಕಿಲೋ ಉಪ್ಪು ಸುಡುವುದಕ್ಕೆ ಅತ್ತೆ ಒಪ್ಪಲಿಲ್ಲ. ಉಳಿದದ್ದು ಉಸುಕು. ಎದುರು ಸೈಟಿನಲ್ಲಿ ಮನೆ ಏಳುತ್ತಿದೆ. ಊರೆಲ್ಲ ಎಂ-ಸ್ಯಾಂಡ್ ಹಾಕಿಸುವ ಕಾಲದಲ್ಲಿ ಆ ಮಾಲೀಕರು ಗಿಲಾವಿಗೆ ಅಂತ ಹಗರಿ ಹೊಳೆಯ ಉಸುಕೇ ತರಿಸಿ, ತಾಡಪತ್ರಿ ಮುಚ್ಚಿ, ಮೇಲೆ ಕಲ್ಲು ಹೇರಿದ್ದಾರೆ. ಬಂಗಾರದ ಅಂಗಡಿಗೂ ಇಷ್ಟು ಬಂದೋಬಸ್ತು ಇರಲಿಕ್ಕಿಲ್ಲ.

ಸಂಜೆ ತಲೆಗೆ ಸ್ನಾನ ಮಾಡಿ, ಕೂದಲು ಒಣಗಲಿ ಅಂತ ಹಾಗೇ ಬಿಟ್ಟಿದ್ದೆ. ಹೆಚ್ಚಿದ ಸೇಬು ಕಪ್ಪಾಗಬಾರದು ಅಂದರೆ ನಿಂಬೆರಸ ಸವರಬೇಕು. ಮೂಲೆ ಅಂಗಡಿಗೆ ಹೋಗಿ ಒಂದು ನಿಂಬೆಹಣ್ಣು ತಂದೆ. ಬರುವಾಗ ಕೆಲಸ ಒಂದೇ ಸಲ ಮುಗಿಯಲಿ ಅಂತ, ಕೈಯಲ್ಲಿದ್ದ ಬೋಗುಣಿ ಸಮೇತ ತಾಡಪತ್ರಿ ಪಕ್ಕ ಕೂತು ಉಸುಕು ತುಂಬಿಕೊಳ್ಳತೊಡಗಿದೆ. ಅಷ್ಟರಲ್ಲಿ ಮಾಲೀಕರು ಬೈಕ್ ನಿಲ್ಲಿಸಿದರು. ಹೆಡ್‌ಲೈಟ್ ನನ್ನ ಮೇಲೆ. ಅವರ ಮುಖ ನೋಡಿದಾಗಲೇ ನೆನಪಾಗಿದ್ದು, ಅವತ್ತು ಅಮಾವಾಸ್ಯೆ ಅಂತ.

ಅವರ ಕಡೆಯಿಂದ ಯೋಚನೆ ಮಾಡಿ. ಅಮಾವಾಸ್ಯೆ, ದೀಪ ಹಚ್ಚುವ ಹೊತ್ತು, ಬಿಟ್ಟ ಕೂದಲು, ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈ ಅವರ ಹೊಸ ಮನೆಯ ಉಸುಕಿನಲ್ಲಿ.

"ಏನ್ರೀ ಅದು?" ಅಂದರು, ಬೈಕಿನಿಂದ ಇಳಿಯದೆ.

"ಕೇಕ್ ಮಾಡೋದಿತ್ತು" ಅಂದೆ.

"ಉಸುಕಿಂದಾ?"

"ಅಲ್ಲ, ಸೇಬಿಂದ. ಉಸುಕು ಕೆಳಗೆ."

"ಮತ್ತ ನಿಂಬೆಹಣ್ಣು?"

"ಕಪ್ಪಾಗಬಾರದು ಅಂತ."

ಯಾರು ಕಪ್ಪಾಗಬಾರದು ಅಂತ ಅವರು ಕೇಳಲಿಲ್ಲ. ಹೇಳಿದ್ದೆಲ್ಲ ನಿಜ, ಆದರೆ ನನಗೇ ನಂಬಿಕೆ ಬರುವ ಹಾಗಿರಲಿಲ್ಲ. ಉಸುಕು ವಾಪಸ್ ಸುರಿಯಲು ಹೋದೆ. "ಬ್ಯಾಡ ಬ್ಯಾಡ, ಒಯ್ರಿ!" ಅಂತ ಗಾಬರಿಯಲ್ಲಿ ಕೂಗಿದರು. ಮರುದಿನ ಬೆಳಿಗ್ಗೆ ಆ ಮನೆಯ ಬಾಗಿಲಿಗೆ ಎರಡನೇ ಬೂದುಗುಂಬಳ ಬಂದಿತ್ತು. ದೃಷ್ಟಿ ಗೊಂಬೆಯೊಂದು ಸರಿಯಾಗಿ ನಮ್ಮ ಅಡುಗೆಮನೆ ಕಿಟಕಿಯನ್ನೇ ನೋಡುತ್ತಿತ್ತು. ಈಗಲೂ ನೋಡುತ್ತಿದೆ. ಪಾತ್ರೆ ತೊಳೆಯುವಾಗಲೆಲ್ಲ ನಾಲಿಗೆ ಚಾಚುತ್ತದೆ.

ಕೇಕ್ ವಿಷಯ. ಗೋಧಿ ಹಿಟ್ಟು, ಬೆಲ್ಲ, ಎಣ್ಣೆ, ಚಿಟಿಕೆ ಚಕ್ಕೆ ಪುಡಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಅಂಚು ಚೆನ್ನಾಗಿ ಬಂತು, ನಡುವೆ ಸೀರಾ ಆಯಿತು. ತಪ್ಪು ನನ್ನದಲ್ಲ. ಬೇಯಿಸಲು ಹುಳಿಯಿರುವ ಗಟ್ಟಿ ಸೇಬು ಬೇಕು. ನಮ್ಮ ಮನೆಗೆ ಬಂದಿದ್ದೆಲ್ಲ ರೆಡ್ ಡೆಲಿಷಿಯಸ್, ಬೆಂದರೆ ಕರಗಿ ಹೋಗುವ ಜಾತಿ. ಅಮೆರಿಕದಿಂದ ಬಂದು ಶಿಮ್ಲಾ ಹತ್ತಿರದ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಈ ತಳಿ ತರಿಸಿ ನೆಟ್ಟರು. ಅದಕ್ಕೆ ಮುಂಚೆ ಬ್ರಿಟಿಷರು ಬೆಳೆಸುತ್ತಿದ್ದ ಹುಳಿ ಸೇಬು ನಮ್ಮ ಜನಕ್ಕೆ ಹಿಡಿಸಿರಲಿಲ್ಲವಂತೆ. ಸ್ಟೋಕ್ಸ್ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದವರು, ಅವರನ್ನು ಬೈಯಲು ಬಾಯಿ ಬರುವುದಿಲ್ಲ. ಆದರೂ ನಾಲ್ಕು ಹುಳಿ ಗಿಡ ಜಾಸ್ತಿ ಬಿಟ್ಟಿದ್ದರೆ ಏನಾಗುತ್ತಿತ್ತು?

ಇಷ್ಟೆಲ್ಲ ಮಾಡಿ ಕೇಕಿಗೆ ಹೋಗಿದ್ದು 3 ಸೇಬು. ಉಳಿದದ್ದು 38. ಮರುದಿನ ಮಧ್ಯಾಹ್ನ ಮಾವನವರ ಹಳೆಯ ಸಹೋದ್ಯೋಗಿಗಳು ಬಂದು ಹೋದ ಮೇಲೆ 44.

ಮಾವನವರಿಗೆ ಒಂದು ಚೂರು ಕೊಟ್ಟೆ. ಬಾಯಲ್ಲಿ ಆಡಿಸಿ ನೋಡಿ, "ಚಲೋ ಆಗೈತಿ. ಉಸುಕು ಹತ್ತಿಲ್ಲ" ಅಂದರು. ಎದುರು ಮನೆಯವರಿಗೂ ಒಂದು ತಟ್ಟೆ ಕಳಿಸಿದೆ, ಅನುಮಾನ ಹೋಗಲಿ ಅಂತ. ಖಾಲಿ ತಟ್ಟೆ ಹಿಂದಿರುಗಿಸಬಾರದು ಅಂತ ನಮ್ಮಲ್ಲಿ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ ಅಲ್ವಾ? ತಟ್ಟೆ ಸಂಜೆ ತೊಳೆದು ವಾಪಸ್ ಬಂತು. ಅದರಲ್ಲಿ ಒಂದು ನಿಂಬೆಹಣ್ಣು ಇತ್ತು.

ಅತ್ತೆ ಅದನ್ನು ಒಳಗೆ ತರಲು ಬಿಡುತ್ತಿಲ್ಲ. ತಟ್ಟೆ ಹೊಸ್ತಿಲ ಹೊರಗೇ ಇದೆ. ಏನು ಮಾಡುವುದು ಅಂತ ನಾವಿಬ್ಬರೂ ಅದನ್ನೇ ನೋಡುತ್ತ ನಿಂತಿದ್ದರೆ, ಒಳಗೆ ಮಂಚದಿಂದ ಮಾವನವರ ದನಿ ಬಂತು: "ಸೇಬು ಬ್ಯಾಡವ್ವ. ಅದರದ್ದು ಒಂದು ಶರಬತ್ತು ಮಾಡ್ರಿ."