ಶನಿವಾರ ಬಂತೆಂದರೆ ಹಳಿ ರಿಪೇರಿ

ಲಂಡನ್ನಿನಲ್ಲಿ ನಾಟಕ ಓದುತ್ತಿದ್ದೇನೆ. ಸೋಮವಾರದಿಂದ ಶುಕ್ರವಾರದವರೆಗೆ ಮರವಾಗು, ಬೆಕ್ಕಾಗು, ಹೊಟ್ಟೆಯಿಂದ ಉಸಿರೆಳೆ. ಊರು ನೋಡೋಕೆ ಸಿಗೋದು ಎರಡೇ ದಿನ. ಈ ದೇಶದವರಿಗೆ ರೈಲು ಹಳಿ ರಿಪೇರಿ ನೆನಪಾಗೋದೂ ಆ ಎರಡೇ ದಿನ!

ಮೊನ್ನೆ ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್‌ಗೆ ಹೊರಟೆ. ಅರ್ಧ ದಾರಿಯಲ್ಲಿ ಇಳಿಸಿ, ‘ಮುಂದಕ್ಕೆ ಬಸ್ಸು’ ಅಂದರು. ಎಲ್ಲಿದೆ ಬಸ್ಸು? ಕಿತ್ತಳೆ ಜಾಕೆಟ್ಟಿನವನಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಳೆ. ಛತ್ರಿ ಗಾಳಿಗೆ ಉಲ್ಟಾ. ಕೈಯಲ್ಲಿ ತಣ್ಣಗಿನ ಸ್ಯಾಂಡ್‌ವಿಚ್ಚು, ಅದರ ಒಂದು ಮೂಲೆ ಆಗಲೇ ನೆನೆದು ಮುದ್ದೆ. ಬಾತ್ ಅನ್ನೋ ಊರಿಗೆ ಹೋದಾಗಲೂ ಇದೇ ಕಥೆ, ಬ್ರೈಟನ್‌ಗೆ ಹೋದಾಗಲೂ ಇದೇ. ನಾನು ಟಿಕೆಟ್ ತಗೊಂಡ ತಕ್ಷಣ ಯಾರೋ ಹಾರೆ ಎತ್ತಿಕೊಂಡು ಹೊರಡ್ತಾರಾ?

ಆ ಬಸ್ಸೋ, ಹಳ್ಳಿಹಳ್ಳಿ ಸುತ್ತಿಕೊಂಡು ತಲುಪುವಾಗ ಹೆನ್ಲಿ ಬೀದಿಯ ಶೇಕ್ಸ್‌ಪಿಯರ್ ಮನೆಗೂ ಬೀಗ, ಚರ್ಚಿಗೂ ಬೀಗ. ಅಲ್ಲಿ ಅವನ ಸಮಾಧಿಯ ಮೇಲೆ, ಮೂಳೆ ಅಲುಗಿಸಿದವರಿಗೆ ಶಾಪ ಕೆತ್ತಿದೆ. ಬಸ್ಸಲ್ಲಿ ನನ್ನ ಮೂಳೆಗಳನ್ನೆಲ್ಲ ಅಲುಗಿಸಿದವರಿಗೆ ಯಾವ ಶಾಪ, ಹೇಳಿ?

ರಾತ್ರಿ ಅಮ್ಮನ ಮೆಸೇಜು: ‘ಎಲ್ಲಿ ಮಗಾ ಫೋಟೊ?’

ಬಸ್‌ಸ್ಟಾಪಿನದೇ ಕಳಿಸಿದೆ.