ಇಂಪಲ್ಸ್‌ಗೆ ಕರಿಜ್ಮಾ ಇಂಜಿನ್ ಹಾಕಿ, ಮಾರುವಾಗ ಬಾಯಿ ಮುಚ್ಚಿಕೊಳ್ಳುವವರಿಗೆ

ಭಾನುವಾರ ಬೆಳಿಗ್ಗೆ ಚೈನ್ ಬದಲಿಸೋಣ ಅಂತ ಮೂಡಿಗೆರೆಯಲ್ಲಿ ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿ ನನ್ನದರ ಹಾಗೇ ಇನ್ನೊಂದು ಹೀರೋ ಇಂಪಲ್ಸ್ ಬೈಕ್ ನಿಂತಿತ್ತು. ಕೆಂಪು ಟ್ಯಾಂಕು, 2012ರ ಗಾಡಿ. ಇಂಪಲ್ಸ್ ಕಂಡರೆ ನನ್ನ ಕಾಲು ತಾನಾಗಿ ಆ ಕಡೆ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ಹತ್ತಿರ ಹೋದ ತಕ್ಷಣ ತಿಳಿಯಿತು, ಒಳಗೆ ಕೂತಿರುವುದು ಹೀರೋದ ಇನ್ನೊಂದು ಬೈಕ್ ಕರಿಜ್ಮಾದ ಇಂಜಿನ್.

ಓನರ್ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ. ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಇನ್ನೂ ಒಂದು ವರ್ಷ ಆಗಿಲ್ಲ. ಆರ್‌ಸಿಯ 15 ವರ್ಷ ಮುಗಿಯುತ್ತಾ ಬಂತು, ರಿನ್ಯೂವಲ್‌ಗೆ ಮೊದಲು ಎಲ್ಲಾ ಸರಿ ಇದೆಯಾ ನೋಡಿಸೋಣ ಅಂತ ಬಂದಿದ್ದ. ಮೆಕ್ಯಾನಿಕ್ ಪೆಟ್ರೋಲಲ್ಲಿ ಅದ್ದಿದ ಬಟ್ಟೆಯಿಂದ ಇಂಜಿನ್ ಕೇಸ್ ಒರೆಸಿದರು. ಎಣ್ಣೆ ಧೂಳು ಸೇರಿ ಕಟ್ಟಿದ್ದ ಕಪ್ಪು ಪದರ ಹೋಗಿ ಇಂಜಿನ್ ನಂಬರ್ ಕಾಣಿಸಿತು. ಹುಡುಗ ಫೋನಿನಲ್ಲಿ ಆರ್‌ಸಿ ತೆಗೆದು ಒಂದೊಂದೇ ಅಕ್ಷರ ಓದಿದ. ಹೊಂದಲಿಲ್ಲ. ಬಗ್ಗಿ ಕೂತು ಮತ್ತೊಮ್ಮೆ ಓದಿದ. ಆಮೇಲೆ ನನ್ನ ಮುಖ ನೋಡಿ ಕೇಳಿದ, "ಅಣ್ಣಾ, ಇದ್ಯಾಕೆ ಬೇರೆ ಇದೆ?"

ಅವನಿಗೆ ಗೊತ್ತೇ ಇರಲಿಲ್ಲ. ಮಾರಿದವನು "ಇಂಜಿನ್ ಕೆಲಸ ಮಾಡಿಸಿದ್ದೀನಿ, ಸಖತ್ ಪಿಕಪ್" ಅಂದಿದ್ದನಂತೆ. ಅಷ್ಟೇ. ಕೆಲಸ ಅಂದರೆ ಇಂಜಿನ್ನನ್ನೇ ಬದಲಾಯಿಸಿದ್ದು ಅಂತ ಹೇಳಲಿಲ್ಲ. ಹಳೇ ಇಂಜಿನ್ ಎಲ್ಲಿ ಅಂತ ಅಲ್ಲಿಂದಲೇ ಫೋನ್ ಮಾಡಿಸಿದೆ. "ಅದು ಗುಜರಿಗೆ ಹೋಯ್ತಲ್ಲ" ಅಂತ ಉತ್ತರ ಬಂತು. ಕರಿಜ್ಮಾ ಇಂಜಿನ್ ಯಾವ ಗಾಡಿಯದು, ಅದರ ಕಾಗದ ಎಲ್ಲಿ ಅಂತ ಕೇಳಿದ್ದಕ್ಕೆ ಫೋನೇ ಕಟ್.

ಎರಡು ದಿನ ಆಯ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಇಂಜಿನ್ ಸ್ವಾಪ್ (ಒಂದು ಗಾಡಿಗೆ ಇನ್ನೊಂದರ ಇಂಜಿನ್ ಹಾಕೋದು) ವಿರೋಧಿ ಅಂತ ಯಾರೂ ತಿಳಿದುಕೊಳ್ಳಬೇಡಿ. ಯಾಕೆ ಹಾಕ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2011ರಲ್ಲಿ ಇಂಪಲ್ಸ್ ಬಂದಾಗ ನಮ್ಮ ಮಲೆನಾಡಿಗೇ ಅಂತ ಮಾಡಿದ ಹಾಗಿತ್ತು. ಬ್ರೆಜಿಲ್‌ನಲ್ಲಿ ಹೋಂಡಾ ಮಾರುತ್ತಿದ್ದ ಎನ್‌ಎಕ್ಸ್‌ಆರ್ 150 ಬ್ರೋಸ್ ಗಾಡಿಯ ಬಳಗ ಅದು. ಮುಂದೆ 19 ಇಂಚಿನ ಚಕ್ರ, ಉದ್ದನೆಯ ಸಸ್ಪೆನ್ಷನ್, ತೂಕ 134 ಕೆಜಿ. ತೋಟದ ಕೆಸರಿನಲ್ಲಿ ಹೂತರೆ ಒಬ್ಬನೇ ಎತ್ತಿ ಪಕ್ಕಕ್ಕೆ ಇಡಬಹುದು. ಆದರೆ ಇಂಜಿನ್ 149 ಸಿಸಿ, 13 ಬಿಎಚ್‌ಪಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿಸುವಾಗ ಮೂರನೇ ಗೇರ್‌ಗೂ ಎರಡನೇ ಗೇರ್‌ಗೂ ನಡುವೆ ಒದ್ದಾಡುವುದೇ ಆಗುತ್ತಿತ್ತು. ಅದೇ ಹೀರೋ ಕಂಪನಿಯ ಕರಿಜ್ಮಾದಲ್ಲಿ 223 ಸಿಸಿ, 17 ಬಿಎಚ್‌ಪಿ, ಅದೂ ಗಾಳಿಯಲ್ಲೇ ತಣಿಯುವ ಗಟ್ಟಿ ಇಂಜಿನ್. ಇದರ ಹೊಟ್ಟೆಗೆ ಅದನ್ನು ಹಾಕಿದರೆ ಹೇಗೆ ಅನ್ನೋ ಆಸೆ ಯಾರಿಗೆ ಬರಲ್ಲ ಹೇಳಿ? ಇಂಥದ್ದೇ ದಾರಿಗೆ 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, ಆದರೆ 180 ಕೆಜಿ ದಾಟಿದ ಗಾಡಿ. ಹೀರೋದವರದೇ ಎಕ್ಸ್‌ಪಲ್ಸ್ 200 ಬರಲು 2019 ಆಗಬೇಕಾಯಿತು. ಅಲ್ಲಿಯವರೆಗೆ ನಮ್ಮಂಥವರಿಗೆ ಇದೊಂದೇ ದಾರಿ ಕಂಡಿತು.

ನಾನೂ 2016ರಲ್ಲಿ ಹಾಕಿಸಿದೆ. ಇಂಜಿನ್ ಹಿಡಿಯುವ ಪ್ಲೇಟುಗಳನ್ನು ಲೇತ್‌ನವರ ಹತ್ತಿರ ಹೊಸದಾಗಿ ಮಾಡಿಸಿದೆ. ಫ್ರೇಮಿಗೆ ಗ್ರೈಂಡರ್ ತಾಗಿಸಬಾರದು ಅಂತ ಹಟ ಹಿಡಿದಿದ್ದೆ, ಎಲ್ಲಾ ಬೋಲ್ಟಲ್ಲೇ ಕೂರಬೇಕು, ಬೇಕಾದಾಗ ಬಿಚ್ಚಿ ಹಳೇದನ್ನು ಹಾಕುವ ಹಾಗಿರಬೇಕು. ಚೈನ್ ಲೈನ್ ಕೂರಿಸಲು ಎರಡು ದಿನ ಹಿಡಿಯಿತು. ಮುಂದಿನ ಸ್ಪ್ರಾಕೆಟ್ಟೂ ಹಿಂದಿನ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿ ಬರದಿದ್ದರೆ ಚೈನ್ ಹಲ್ಲಿನ ಒಂದೇ ಕಡೆ ತಿನ್ನುತ್ತಾ ಹೋಗುತ್ತೆ, ಒಂದು ದಿನ ಕಿತ್ತು ಬರುತ್ತೆ. ಕಬ್ಬಿಣದ ಪಟ್ಟಿ ಇಟ್ಟು ನೋಡೋದು, ವಾಷರ್ ಹಾಕೋದು, ಮತ್ತೆ ನೋಡೋದು. ಸೈಲೆನ್ಸರ್ ಬೆಂಡ್ ಪೈಪ್ ಕತ್ತರಿಸಿ ವೆಲ್ಡಿಂಗ್, ವೈರಿಂಗ್ ಬೇರೆ. ಮೊದಲ ದಿನ ಚಾರ್ಮಾಡಿಯನ್ನು ಮೂರನೇ ಗೇರಲ್ಲೇ ಹತ್ತಿಸಿದಾಗ ಆದ ಖುಷಿಯನ್ನು ಇವತ್ತಿಗೂ ಮರೆತಿಲ್ಲ.

ಆದರೆ ಆ ಇಂಜಿನ್ ನಂಬರ್?

ನಾನು ಆರ್‌ಟಿಒಗೆ ಹೋಗಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿದ್ದೆ. ಇಂಜಿನ್ ಬದಲಾಯಿಸಿದರೆ 14 ದಿನದೊಳಗೆ ತಿಳಿಸಬೇಕು ಅಂತ ಅದರಲ್ಲಿದೆ. ಆರ್‌ಸಿಯಲ್ಲಿ ಸಿಸಿಯೂ ಬರೆದಿರುತ್ತೆ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸಬಾರದು ಅಂತಲೂ ಅದೇ ಸೆಕ್ಷನ್ ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಎಲ್ಲಾ ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪು ನನ್ನದೇ.

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ, ಇವತ್ತು ಬರೀತೀನಿ. ಒಂದು ಮಳೆಗಾಲದಲ್ಲಿ ಕೊಟ್ಟಿಗೆಹಾರದ ಹತ್ತಿರ ದನ ಅಡ್ಡ ಬಂದು ಬಿದ್ದೆವು. ಹಿಂದೆ ತಮ್ಮ ಇದ್ದ. ಅವನ ಕೈ ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನ ತಲೆಯಲ್ಲಿ ಅವನ ಕೈ ಇರಲಿಲ್ಲ. ಕೇಸ್ ಆದರೆ, ಇನ್ಶೂರೆನ್ಸ್‌ನವರು ಇಂಜಿನ್ ನಂಬರ್ ನೋಡಿದರೆ ಅನ್ನೋದೇ ಓಡುತ್ತಿತ್ತು. ಒಳಗೆ ತಮ್ಮ ನರಳುತ್ತಿದ್ದಾನೆ, ನಾನು ಹೊರಗೆ ಕೂತು ನಂಬರಿನ ಚಿಂತೆ ಮಾಡುತ್ತಿದ್ದೇನೆ. ಆ ನಾಚಿಕೆ ಹೋಗಿಲ್ಲ. ಅವನ ಕಟ್ಟು ಬಿಚ್ಚಿದ ವಾರವೇ ಕರಿಜ್ಮಾ ಇಂಜಿನ್ ಇಳಿಸಿ ಹಳೇ ಇಂಜಿನ್ ಹಾಕಿಸಿದೆ. ಹಾಕಿಸೋಕೆ ಹಳೇದು ಇತ್ತು, ಅದಕ್ಕೆ ಕಾರಣ ಅಪ್ಪ. ಗುಜರಿಯವನು ಮನೆ ಬಾಗಿಲಿಗೆ ಬಂದಾಗ, "ಗಾಡಿ ಜೊತೆ ಬಂದಿದ್ದು ಗಾಡಿ ಜೊತೆನೇ ಇರಲಿ" ಅಂತ ಗೋಣಿಚೀಲ ಸುತ್ತಿ ಕಾಫಿ ಗೋಡೌನಿನ ಮೂಲೆಯಲ್ಲಿ ಇಡಿಸಿದ್ದರು.

ಆ ಹುಡುಗನ ಗಾಡಿಗೆ ಅಂಥ ಮೂಲೆ ಇಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೇ. ಸ್ವಾಪ್ ಮಾಡಿದವನು ಪಿಕಪ್ ಖುಷಿ ಅನುಭವಿಸಿದ, ಹಳೇ ಇಂಜಿನ್ ಗುಜರಿಗೆ ಹಾಕಿ ಆ ದುಡ್ಡೂ ಎಣಿಸಿಕೊಂಡ, ಗಾಡಿ ಮಾರಿ ಕೈ ತೊಳೆದುಕೊಂಡ. ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ತಲೆ ತಗ್ಗಿಸಿ ನಿಲ್ಲೋದು ಮಾತ್ರ ಏನೂ ಗೊತ್ತಿಲ್ಲದೆ ಕೊಂಡವನು.

"ಯಾರೂ ನೋಡಲ್ಲ ಬಿಡೋ" ಅಂತ ಗೆಳೆಯರು ಹೇಳ್ತಾರೆ. ರಸ್ತೆಯಲ್ಲಿ ನೋಡದೇ ಇರಬಹುದು. 2011ರ ಕೊನೆಯಲ್ಲಿ ರಿಜಿಸ್ಟರ್ ಆದ ಇಂಪಲ್ಸ್‌ಗಳಿಗೆ 2026ರ ಕೊನೆಗೆ 15 ವರ್ಷ ತುಂಬುತ್ತೆ. ಆಮೇಲೆ ಒಂದೊಂದಾಗಿ ಎಲ್ಲವೂ ರಿನ್ಯೂವಲ್‌ಗೆ ನಿಲ್ಲಲೇಬೇಕು. ಅಲ್ಲಿ ಗಾಡಿ ನೋಡ್ತಾರೆ, ನಂಬರ್ ನೋಡ್ತಾರೆ. "ಅದೇ ಕಂಪನಿ ಇಂಜಿನ್ ಅಲ್ವಾ, ಏನಾಗುತ್ತೆ?" ಅನ್ನುವವರೂ ಇದ್ದಾರೆ. ಕಂಪನಿ ಒಂದೇ, ನಂಬರ್ ಬೇರೆ, ಸಿಸಿ ಬೇರೆ. ಕಾಗದವಿಲ್ಲದೆ ಬಂದ ಆ ಕರಿಜ್ಮಾ ಇಂಜಿನ್ ಕದ್ದ ಗಾಡಿಯದಾಗಿದ್ದರೆ? ಸ್ಟೇಷನ್ ಮೆಟ್ಟಿಲು ಹತ್ತೋದು ಯಾರು? ಮತ್ತೆ ಇದೇ ಹುಡುಗ.

ಹಾಕಿಸಿದವರೇ, ನಿಮ್ಮ ಹಳೇ ಇಂಜಿನ್ನನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಮಾರುವಾಗ ಅದನ್ನು ವಾಪಸ್ ಕೂರಿಸಿ ಕೊಡಿ. ಆಗದಿದ್ದರೆ ಕೊಳ್ಳುವವನ ಕೈಗೆ ಬಟ್ಟೆ ಕೊಟ್ಟು ನೀವೇ ನಂಬರ್ ಒರೆಸಿ ತೋರಿಸಿ. ಕೊಳ್ಳುವವರು ದುಡ್ಡು ಕೊಡುವ ಮೊದಲು ಮೊಣಕಾಲೂರಿ ಕೂತು ಆ ನಂಬರ್ ಓದಿ. ಒಂದೇ ಒಂದು ನಿಮಿಷ.

ಹುಡುಗ ಹೊರಡುವಾಗ "ಮಾರಿಬಿಡ್ಲಾ ಅಣ್ಣಾ?" ಅಂದ. ಬೇಡ ಅಂದೆ. ನಿನಗೆ ಆಗಿದ್ದನ್ನು ಇನ್ನೊಬ್ಬನಿಗೆ ಮಾಡಬೇಡ ಅಂದೆ. ಸ್ವಲ್ಪ ಹೊತ್ತು ಟ್ಯಾಂಕ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಆಮೇಲೆ, "ಇಟ್ಕೋತೀನಿ ಅಣ್ಣಾ, ಇದರ ಇಂಜಿನ್ ಎಲ್ಲಿ ಸಿಗುತ್ತೆ?" ಅಂತ ಕೇಳಿದ.

ಅದಕ್ಕೇ ಈ ಪೋಸ್ಟ್. ಯಾರ ಮನೆಯಲ್ಲಾದರೂ ಇಂಪಲ್ಸ್ ಇಂಜಿನ್ ಬಿದ್ದಿದ್ದರೆ ನನಗೊಂದು ಮೆಸೇಜ್ ಹಾಕಿ. ಓಡದಿದ್ದರೂ ಪರವಾಗಿಲ್ಲ, ಬಿಚ್ಚಿ ರೆಡಿ ಮಾಡ್ತೀವಿ. ಆದರೆ ಅದು ಬಂದ ಗಾಡಿಯ ಆರ್‌ಸಿ ಬೇಕು, ಮಾರಿದ್ದಕ್ಕೆ ಸಹಿ ಮಾಡಿದ ಕಾಗದ ಬೇಕು. ಅದೇ ಮಾಡೆಲ್ ಇಂಜಿನ್ ಆದ್ದರಿಂದ ಆರ್‌ಟಿಒದಲ್ಲಿ ನಂಬರ್ ಬರೆಸೋಕೆ ಅರ್ಜಿ ಹಾಕ್ತೀವಿ. ಹುಡುಗನ ಜೊತೆ ನಾನೇ ಹೋಗ್ತೀನಿ.