ಮೂಲ ಓದಿಲ್ವಾ? ಪರವಾಗಿಲ್ಲ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಆ ಕೈ ತೊಳೆಯೋ ಸೀನ್ ಬಂತು ಕಣೇ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅವಳು ಓದುತ್ತಿದ್ದದ್ದು ಷೇಕ್ಸ್‌ಪಿಯರ್ ನಾಟಕ ಮ್ಯಾಕ್‌ಬೆತ್. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲೇ ಎದ್ದು ನಡೆಯುತ್ತಾಳೆ. ಕೈಯಲ್ಲಿ ಇಲ್ಲದ ರಕ್ತವನ್ನು ಉಜ್ಜುತ್ತಲೇ ಇರುತ್ತಾಳೆ. ತಂಗಿಗೆ ಈ ದೃಶ್ಯ ಹೊಸದೇನಲ್ಲ. ಆರು ತಿಂಗಳ ಹಿಂದೆ ಟೆರ್ರಿ ಪ್ರಾಚೆಟ್ ಬರೆದ 'ವಿಯರ್ಡ್ ಸಿಸ್ಟರ್ಸ್' ಓದಿದ್ದಳು. 1988ರ ಪುಸ್ತಕ ಅದು, ಮ್ಯಾಕ್‌ಬೆತ್ ಕಥೆಯನ್ನು ತಮಾಷೆಯಾಗಿ ಮತ್ತೆ ಹೇಳುವಂಥದ್ದು. ಅಲ್ಲಿ ಕೈ ಉಜ್ಜಿಕೊಳ್ಳುವವನು ರಾಜನನ್ನು ಕೊಂದ ಡ್ಯೂಕ್. ಎಷ್ಟು ಉಜ್ಜಿದರೂ ಅವನಿಗೆ ಸಮಾಧಾನವಿಲ್ಲ. ಆಗ ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಪುಟಗಳ ಫೋಟೋ ತೆಗೆದು ನನಗೆ ಕಳಿಸಿದ್ದಳು. "ಅಲ್ಲಿ ಅಷ್ಟು ನಕ್ಕಿದ್ದೆ ಅಕ್ಕಾ. ಇಲ್ಲಿ ಅದೇ ಕೈ. ನಗು ಬರಲೇ ಇಲ್ಲ" ಅಂದಳು.

ಆ ಪುಸ್ತಕ ಅವಳಿಗೆ ಕೊಟ್ಟಾಗ ಓದುವ ಅಭ್ಯಾಸ ಇರುವ ಒಬ್ಬರು ನನ್ನನ್ನು ಗದರಿದ್ದರು. "ಮ್ಯಾಕ್‌ಬೆತ್ ಓದದೆ ಇದನ್ನ ಓದಿ ಏನು ಪ್ರಯೋಜನ? ಮೊದಲು ಮೂಲ ಓದಲಿ." ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಳೆಯ ಕಥೆಯನ್ನು ತಮಾಷೆಯಾಗಿ ಮತ್ತೆ ಹೇಳುವ ಯಾವ ಪುಸ್ತಕದ ಹೆಸರು ಎತ್ತಿದರೂ ಇದೇ ಷರತ್ತು. ನನಗೆ ಇದು ತಪ್ಪು ಅನಿಸುತ್ತದೆ. ಓದೋಕೆ ಹೊರಟವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ ಹಾಗೆ.

ಡಾನ್ ಕ್ವಿಕ್ಸೋಟ್ ತಗೊಳ್ಳಿ. ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ಈ ಕಾದಂಬರಿಯ ಮೊದಲ ಭಾಗ ತಂದಾಗ ಗೇಲಿ ಮಾಡಿದ್ದು ಆ ಕಾಲದ ವೀರಯೋಧರ ಕಥೆಗಳನ್ನು. ಈಗ ಡಾನ್ ಕ್ವಿಕ್ಸೋಟ್ ಓದುವವರಲ್ಲಿ ಎಷ್ಟು ಜನ ಆ ಯೋಧರ ಕಥೆಗಳನ್ನು ಓದಿ ಬರುತ್ತಾರೆ? ನಮ್ಮ ಕುಮಾರವ್ಯಾಸನನ್ನೇ ನೋಡಿ. ಹೆಂಗಸರ ಮುಂದೆ ಅಷ್ಟೊಂದು ಜಂಬ ಕೊಚ್ಚಿದ ಉತ್ತರಕುಮಾರ ಕೌರವರ ಸೇನೆ ಕಂಡ ಕೂಡಲೇ ನಡುಗಿ ರಥದಿಂದ ಹಾರಿ ಓಡುತ್ತಾನೆ. ಅದನ್ನು ಕೇಳಿ ನಕ್ಕವರಿಗೆ ಯಾರಾದರೂ "ಮೊದಲು ವ್ಯಾಸರ ಸಂಸ್ಕೃತ ಭಾರತ ಓದಿ ಬನ್ನಿ" ಅಂದಿದ್ದಾರಾ? ಹಾಗಾದರೆ ಪ್ರಾಚೆಟ್ ಓದುವ ಹುಡುಗಿಗೆ ಮಾತ್ರ ಯಾಕೆ ಈ ಪರೀಕ್ಷೆ?

ವಿಯರ್ಡ್ ಸಿಸ್ಟರ್ಸ್ ಶುರುವಾಗೋದೇ ಗುಡುಗು ಮಿಂಚಿನಲ್ಲಿ. ಮೂವರು ಮಾಟಗಾತಿಯರು. ನಾವು ಮೂವರೂ ಮತ್ತೆ ಸೇರುವುದು ಯಾವಾಗ ಅಂತ ಒಂದು ಭಯಂಕರ ದನಿ ಕೇಳುತ್ತದೆ. ಸ್ವಲ್ಪ ತಡೆದು ಇನ್ನೊಬ್ಬಳು ಮಾಮೂಲಿ ದನಿಯಲ್ಲಿ, ಬರುವ ಮಂಗಳವಾರ ನನಗೆ ಆಗುತ್ತೆ ಅಂತಾಳೆ. ಮ್ಯಾಕ್‌ಬೆತ್ ಶುರುವಾಗೋದೂ ಇದೇ ಪ್ರಶ್ನೆಯಿಂದ ಅಂತ ಗೊತ್ತಿದ್ದವರಿಗೆ ಇದರಲ್ಲಿ ಎರಡು ನಗು. ಗೊತ್ತಿಲ್ಲದವರಿಗೆ ಒಂದು. ಒಂದೇ ಸಾಕಲ್ವಾ, ಪುಟ ತಿರುಗಿಸೋಕೆ?

ಹಾಗಂತ ಈ ಬಗೆಯ ಪುಸ್ತಕಗಳೆಲ್ಲ ಚೆನ್ನಾಗಿರುತ್ತವೆ ಅಂತ ನಾನು ಹೇಳುತ್ತಿಲ್ಲ. 2009ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡೀಸ್ ಅಂಡ್ ಝೋಂಬೀಸ್' ಬಂತು. ಜೇನ್ ಆಸ್ಟೆನ್ ಬರೆದ ಬಹುಪಾಲು ಸಾಲುಗಳನ್ನು ಹಾಗೇ ಇಟ್ಟು ನಡುವೆ ಝೋಂಬಿಗಳನ್ನು ನುಗ್ಗಿಸಿದ್ದಾರೆ. ಮೊದಲ ಕೆಲವು ಅಧ್ಯಾಯ ಮಜಾ ಇದೆ. ಆಮೇಲೆ ಅದೇ ತಮಾಷೆ ಮತ್ತೆ ಮತ್ತೆ. ನಾನು ಯಾರಿಗೂ ಹೇಳೋದಿಲ್ಲ. ಮಾರ್ಗರೆಟ್ ಅಟ್‌ವುಡ್ ಬರೆದ 'ದಿ ಪೆನೆಲೊಪಿಯಾಡ್' ಮಾತ್ರ ಕೈಗೆ ಕೊಟ್ಟೇ ಕಳಿಸುತ್ತೇನೆ. ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿಯ ಕೊನೆಯಲ್ಲಿ ಹನ್ನೆರಡು ಜನ ದಾಸಿಯರನ್ನು ನೇಣು ಹಾಕುತ್ತಾರೆ. ಹೋಮರ್ ಕೆಲವೇ ಸಾಲುಗಳಲ್ಲಿ ಅದನ್ನು ಮುಗಿಸಿಬಿಡುತ್ತಾನೆ. ಅಟ್‌ವುಡ್ ಆ ಹನ್ನೆರಡೂ ಜನರನ್ನು ಮತ್ತೆ ಎಬ್ಬಿಸಿ ಹಾಡಿಸುತ್ತಾರೆ. ಅದರಲ್ಲಿ ಮಕ್ಕಳು ಹಗ್ಗ ಜಿಗಿಯುವಾಗ ಹೇಳುವಂಥ ಪದ್ಯವೂ ಇದೆ. ಹಗ್ಗ ಯಾವುದು ಅಂತ ಹೊಳೆದ ಕ್ಷಣ ನನಗೆ ಪುಸ್ತಕ ಮುಚ್ಚಿಡಬೇಕಾಯಿತು.

ಪುಸ್ತಕ ಓದಿ ಅಂತ ಹೇಳೋದೂ ಒಂದು ಜವಾಬ್ದಾರಿ. ಇದನ್ನು ನಾನು ಕಲಿತದ್ದು ಅತ್ತಿಗೆಯಿಂದ. ಅವರು ಫ್ಯಾಂಟಸಿ ಓದಬೇಕು ಅಂದಾಗ ನಾನು ಹಿಂದೆ ಮುಂದೆ ನೋಡದೆ 'ಲಾರ್ಡ್ ಆಫ್ ದಿ ರಿಂಗ್ಸ್' ಕೊಟ್ಟೆ. ವರ್ಷದ ನಂತರ ಪುಸ್ತಕ ವಾಪಸ್ ಬಂತು. ಗುರುತಿಗೆ ಇಟ್ಟ ಚೀಟಿ ಪೀಠಿಕೆಯಲ್ಲೇ ಇತ್ತು. ಆ ಕಥೆಯ ಕುಳ್ಳ ಜನ ಹಾಬಿಟ್‌ಗಳು ಸೇದುವ ಎಲೆಯ ಬಗ್ಗೆ ಲೇಖಕ ಟೋಲ್ಕಿನ್ ವಿವರಿಸುವ ಜಾಗದಲ್ಲಿ. "ಕಥೆ ಯಾವಾಗ ಶುರುವಾಗುತ್ತೆ ಅಂತ ಕಾದೆ" ಅಂದರು ಪಾಪ. ಪೀಠಿಕೆ ಬಿಟ್ಟು ಓದಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗ ಹೊಸಬರಿಗೆ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ತ್‌ಸೀ' ಕೊಡುತ್ತೇನೆ. ಸಣ್ಣ ಪುಸ್ತಕ. ಅಲ್ಲಿ ಪ್ರತಿ ವಸ್ತುವಿಗೂ ಒಂದು ನಿಜವಾದ ಹೆಸರಿದೆ. ಆ ಹೆಸರು ಗೊತ್ತಾದರೆ ಅದು ನಿಮ್ಮ ಹಿಡಿತಕ್ಕೆ ಸಿಗುತ್ತದೆ. ಮಂತ್ರ ಅಂದರೆ ಇಷ್ಟೇ. ಈ ನಿಯಮ ಒಮ್ಮೆ ತಲೆಗೆ ಹೋದರೆ ಮುಂದಿನದಕ್ಕೆಲ್ಲ ದಾರಿ ತಾನಾಗೇ ಕಾಣುತ್ತದೆ.

ಮಿಸ್ಟರಿಗೂ ನಿಯಮ ಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಅನ್ನೋದು ಅದರಲ್ಲೊಂದು. ಬರೆಯುವವರು ಇಷ್ಟು ಪ್ರಾಮಾಣಿಕವಾಗಿ ಆಟ ಕಟ್ಟಿದ್ದನ್ನು ನಾವು ಒಂದೇ ಮಾತಲ್ಲಿ ಕೆಡಿಸುತ್ತೇವೆ. "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ ನೋಡು!" ದಯವಿಟ್ಟು ಇದನ್ನೂ ಹೇಳಬೇಡಿ. ನನಗೆ ಒಬ್ಬರು ಹೀಗೆ ಹೇಳಿದ್ದಕ್ಕೆ ಒಂದು ಒಳ್ಳೆಯ ಕಾದಂಬರಿಯನ್ನು ಪೂರ್ತಿ ಅನುಮಾನದಲ್ಲೇ ಓದಿದೆ. ಯಾರು ಬಾಯಿ ತೆರೆದರೂ ಸುಳ್ಳು ಅನಿಸುತ್ತಿತ್ತು. ಅಗಾಥಾ ಕ್ರಿಸ್ಟಿ 1926ರಲ್ಲಿ ಬರೆದ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಗ್ಗೆ ನಾನು ಹೇಳೋದು ಇಷ್ಟೇ: ಒಂದು ಹಳ್ಳಿ, ಒಬ್ಬ ಸಿರಿವಂತನ ಕೊಲೆ. ಪಕ್ಕದ ಮನೆಗೆ ಬಂದ ಹೊಸ ಮನುಷ್ಯ ಬೆಳೆಸಿದ ಕಾಯಿಯನ್ನು ಸಿಟ್ಟಿನಿಂದ ಗೋಡೆಯಾಚೆ ಎಸೆಯುತ್ತಾನೆ. ಅವನೇ ನಿವೃತ್ತಿ ಪಡೆದ ಪತ್ತೇದಾರ ಪ್ವಾರೊ. ಅಲ್ಲಿಗೆ ನಿಲ್ಲಿಸುತ್ತೇನೆ.

ಫ್ಯಾಂಟಸಿ, ಪತ್ತೇದಾರಿ, ಹಳೆಯ ಕಥೆಯ ಜೊತೆ ತಮಾಷೆ, ಮೂರೂ ಒಂದರಲ್ಲೇ ಬೇಕು ಅನ್ನುವವರಿಗೆ ಜಾಸ್ಪರ್ ಫೋರ್ಡ್ ಬರೆದ 'ದಿ ಐರ್ ಅಫೇರ್' ಇದೆ. 2001ರದ್ದು. ಒಬ್ಬ ಖಳ ಶಾರ್ಲೆಟ್ ಬ್ರಾಂಟೆ ಬರೆದ ಹಳೆಯ ಕಾದಂಬರಿ 'ಜೇನ್ ಐರ್' ಒಳಗೇ ನುಗ್ಗಿ ನಾಯಕಿ ಜೇನ್ ಐರ್‌ಳನ್ನು ಅಪಹರಿಸುತ್ತಾನೆ. ಕಥೆ ಹೇಳುತ್ತಿದ್ದವಳೇ ಅವಳು. ಅವಳಿಲ್ಲದ ಮೇಲೆ ಮುಂದಿನ ಪುಟಗಳಲ್ಲಿ ಏನಿರುತ್ತದೆ? ಈ ಯೋಚನೆಗೇ ನಾನು ಮರುಳಾದೆ.

ತಂಗಿ ಈಗ ಅದನ್ನು ಕೇಳಿದ್ದಾಳೆ. ಇಷ್ಟೆಲ್ಲ ವಾದ ಮಾಡಿದ ನಾನು ಇದೊಂದಕ್ಕೆ ಮಾತ್ರ "ಮೊದಲು ಜೇನ್ ಐರ್ ಓದು" ಅಂದೆ. ಯಾಕೆ ಅಂತ ಕೇಳಿದಳು. ಹೇಳಲಿಲ್ಲ. ಹೇಳಿದರೆ ಎರಡು ಪುಸ್ತಕದ ಸವಿಯೂ ಹೋಗುತ್ತದೆ. ಉಳಿದ ಪುಸ್ತಕಗಳ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ನಿನ್ನೆ ಅವಳ ಮೆಸೇಜ್ ಬಂತು. "ಶುರು ಮಾಡಿದೆ ಅಕ್ಕಾ. ಆ ಹುಡುಗಿ ಕಿಟಕಿ ಹತ್ತಿರ ಕೆಂಪು ಪರದೆ ಹಿಂದೆ ಕೂತು ಹಕ್ಕಿಗಳ ಪುಸ್ತಕ ನೋಡ್ತಿದ್ದಾಳೆ. ಮುಂದಿನ ಪುಟ ತಿರುಗಿಸೋಕೆ ಮನಸ್ಸಿಲ್ಲ. ಯಾರೋ ಬಂದು ಅವಳನ್ನ ಎಬ್ಬಿಸ್ತಾರೆ ಅನಿಸ್ತಿದೆ."